ಬೆಳಗಿನ ಜಾವದ ಬಾಡಿಗೆ

"ರಾತ್ರಿ ಓಡಿಸೋದೇ ಆರಾಮ್ ಅಲ್ವಾ ಅಣ್ಣಾ? ಟ್ರಾಫಿಕ್ಕೇ ಇರಲ್ಲ." ಬೆಂಗಳೂರಿನಲ್ಲಿ ರಾತ್ರಿ ಪಾಳಿ ಟ್ಯಾಕ್ಸಿ ಓಡಿಸುವವರ ಕಿವಿಗೆ ಈ ಮಾತು ಬೀಳದ ದಿನವಿಲ್ಲ. ಹೌದು ಸರ್ ಅಂದು ಗೇರ್ ಹಾಕುತ್ತಾರೆ, ಅಷ್ಟೇ. ಮಾತು ಸುಳ್ಳೇನಲ್ಲ. ಸಂಜೆ ಏಳಕ್ಕೆ ಸಿಲ್ಕ್ ಬೋರ್ಡ್‌ನಿಂದ ಹೆಬ್ಬಾಳಕ್ಕೆ ಒಂದೂವರೆ ಎರಡು ಗಂಟೆ ನುಂಗುವ ರಿಂಗ್ ರೋಡ್ ರಾತ್ರಿ ಎರಡಕ್ಕೆ ನಲವತ್ತು ನಿಮಿಷದಲ್ಲಿ ಮುಗಿಯುತ್ತದೆ. ಕ್ಲಚ್ ತುಳಿದು ತುಳಿದು ಎಡ ಮೊಣಕಾಲು ಹಿಡಿದುಕೊಳ್ಳುವುದಿಲ್ಲ, ಬಿಸಿಲಿಲ್ಲ, ಎಸಿಗೆ ಸುಡುವ ಸಿಎನ್‌ಜಿ ಗ್ಯಾಸೂ ಕಡಿಮೆ. ಹಾಗಿದ್ದ ಮೇಲೆ ರಾತ್ರಿ ಓಡಿಸುವವರೆಲ್ಲ ನಾಲ್ಕು ಕಾಸು ಹೆಚ್ಚಿಗೆ ಕಂಡು ನೆಮ್ಮದಿಯಾಗಿರಬೇಕಿತ್ತು. ಆದರೆ ಸ್ವಲ್ಪ ಕಾಲ ರಾತ್ರಿ ಓಡಿಸಿ ಹಗಲಿಗೆ ಬಂದವರು, ಇಲ್ಲವೇ ದುಡ್ಡು ಕಡಿಮೆಯಾದರೂ ಪರವಾಗಿಲ್ಲ ಅಂತ ಕಂಪನಿ ಡ್ಯೂಟಿಗೆ ಅಟ್ಯಾಚ್ ಆದವರು ಯಾವ ಟೀ ಅಂಗಡಿ ಮುಂದೆ ನಿಂತರೂ ಸಿಗುತ್ತಾರೆ. ಕಳ್ಳರ ಭಯ, ಕುಡುಕರ ಕಾಟ ಇದಕ್ಕೆ ಕಾರಣ ಅಂತ ಜನ ಅಂದುಕೊಳ್ಳುತ್ತಾರೆ. ಅವೂ ಇವೆ, ಇಲ್ಲವೆಂದಲ್ಲ. ಆದರೆ ನಿಜವಾದ ಗಂಟು ಬೇರೆ ಕಡೆ ಇದೆ. ಈ ಊರಿನಲ್ಲಿ ರಾತ್ರಿಯ ಒಳ್ಳೆಯ ಬಾಡಿಗೆ ಬರುವುದೇ ಬೆಳಗಿನ ಜಾವ ಮೂರರಿಂದ ಐದರ ನಡುವೆ. ಮನುಷ್ಯನ ಮೈ ಎಲ್ಲಕ್ಕಿಂತ ಹೆಚ್ಚು ಕೈಕೊಡುವುದೂ ಅದೇ ಹೊತ್ತಿಗೆ. ಯಾವಾಗ ಗ್ಯಾಸ್ ಹಾಕಿಸಬೇಕು, ಯಾವಾಗ ಉಣ್ಣಬೇಕು, ಯಾವ ಟ್ರಿಪ್ ಬಿಡಬೇಕು ಎಂಬ ಉಳಿದ ಲೆಕ್ಕಾಚಾರವೆಲ್ಲ ಈ ಎರಡು ಗಂಟೆಯ ಸುತ್ತಲೇ ತಿರುಗುತ್ತದೆ.

ಯಾವ ಹೊತ್ತಿಗೆ ಎಲ್ಲಿ

ಒಂಬತ್ತರಿಂದ ಹನ್ನೊಂದೂವರೆಯವರೆಗಿನದು ಇನ್ನೂ ಸಂಜೆಯ ಬಾಲ. ವೈಟ್‌ಫೀಲ್ಡ್, ಮಾರತ್ತಹಳ್ಳಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಆಫೀಸಿನಿಂದ ತಡವಾಗಿ ಹೊರಬೀಳುವವರು, ಮೆಜೆಸ್ಟಿಕ್, ಯಶವಂತಪುರ, ಬೈಯಪ್ಪನಹಳ್ಳಿಯ ಹೊಸ ಟರ್ಮಿನಲ್‌ನಲ್ಲಿ ರೈಲು ಹಿಡಿಯುವವರು, ಆನಂದರಾವ್ ಸರ್ಕಲ್‌ನಲ್ಲೋ ಮಡಿವಾಳದಲ್ಲೋ ಸ್ಲೀಪರ್ ಬಸ್ಸಿಗೆ ಓಡುವವರು. ಹನ್ನೊಂದರ ಸುಮಾರಿಗೆ ಮೆಟ್ರೊ ನಿಂತ ಮೇಲೆ ಐದಾರು ಕಿಲೋಮೀಟರಿನ ಸಣ್ಣ ಬಾಡಿಗೆಗಳು ಒಂದರ ಹಿಂದೊಂದು ಬರುತ್ತವೆ. ನಡುರಾತ್ರಿ ದಾಟಿದರೆ ಇಂದಿರಾನಗರ, ಕೋರಮಂಗಲ, ಚರ್ಚ್ ಸ್ಟ್ರೀಟ್. ಒಂದು ಗಂಟೆಗೆ ಪಬ್‌ಗಳು ಬಾಗಿಲೆಳೆದ ಮೇಲಿನ ಅರ್ಧ ಗಂಟೆ ಆಪ್‌ನ ಮ್ಯಾಪ್ ಕೆಂಪೋ ಕೆಂಪು, ಅಂದರೆ ಗಾಡಿಗೆ ಬೇಡಿಕೆ ಜೋರು. ಒಂದೂವರೆಯಿಂದ ಎರಡೂವರೆ ಸತ್ತ ಹೊತ್ತು. ಅಲ್ಲಿಂದಾಚೆಗೆ ಏರ್‌ಪೋರ್ಟ್: ಐದರಿಂದ ಏಳೂವರೆಯೊಳಗೆ ಹೊರಡುವ ವಿಮಾನಗಳಿಗೆ ಮನೆ ಬಿಡುವವರು. ಐದರ ನಂತರ ಊರಿಂದ ಬಂದ ಬಸ್ಸುಗಳ ಜನ. ಸ್ಯಾಟಲೈಟ್ ಸ್ಟ್ಯಾಂಡಿನಲ್ಲಿ, ಗೊರಗುಂಟೆಪಾಳ್ಯದಲ್ಲಿ ತೆಂಗಿನಕಾಯಿ ಮೂಟೆ, ಅಕ್ಕಿ ಚೀಲದ ಜೊತೆ ಇಳಿದು ನಿಂತಿರುತ್ತಾರೆ.

2008ರ ಮೇ ತಿಂಗಳವರೆಗೆ ವಿಮಾನಗಳು ಎಚ್‌ಎಎಲ್‌ನಲ್ಲಿ ಇಳಿಯುತ್ತಿದ್ದಾಗ ಏರ್‌ಪೋರ್ಟ್ ಬಾಡಿಗೆಯೂ ಊರೊಳಗಿನ ಬಾಡಿಗೆಯೇ ಆಗಿತ್ತು. ದೇವನಹಳ್ಳಿಗೆ ಹೋದ ಮೇಲೆ ಅದು ಊರ ನಡುವಿನಿಂದ 35 ಕಿಲೋಮೀಟರ್, ದಕ್ಷಿಣದ ಬಡಾವಣೆಗಳಿಂದ 40–50 ಕಿಲೋಮೀಟರ್ ಆಯಿತು. ರಾತ್ರಿ ಪಾಳಿಯ ಗಳಿಕೆ ಅವತ್ತಿನಿಂದ ಆ ಒಂದು ರಸ್ತೆಯ ಮೇಲೆ ನಿಂತಿದೆ. ಅನುಭವಸ್ಥರು ಪಬ್ ಹೊತ್ತಿನ ಕೊನೆಯ ಬಾಡಿಗೆಯನ್ನು ನೋಡಿ ತೆಗೆದುಕೊಳ್ಳುವುದು ಇದಕ್ಕೇ. ಒಂದೂವರೆಗೆ ಯಲಹಂಕಕ್ಕೆ ಡ್ರಾಪ್ ಸಿಕ್ಕಿತು ಅಂತ ಹೊರಟರೆ ಎರಡೂವರೆಗೆ ನೀವಿರುವುದು ಏರ್‌ಪೋರ್ಟಿನ ಮಗ್ಗುಲಲ್ಲಿ. ಅಲ್ಲಿ ಸಿಗುವ ಏರ್‌ಪೋರ್ಟ್ ಬಾಡಿಗೆ ಹದಿನೈದು ಕಿಲೋಮೀಟರಿನದು. ಅದೇ ಹೊತ್ತಿಗೆ ಜೆ.ಪಿ. ನಗರ, ಬನಶಂಕರಿ, ಎಚ್‌ಎಸ್‌ಆರ್ ಕಡೆ ನಿಂತಿದ್ದರೆ ಮೂರು ಪಟ್ಟು ದೂರದ್ದು ಸಿಗುತ್ತದೆ. ಇದು ಹೊಸಬರಿಗೆ ಮೊದಲ ವಾರದಲ್ಲಿ ಹೊಳೆಯುವುದಿಲ್ಲ. ಮ್ಯಾಪ್ ಎಲ್ಲಿ ಕೆಂಪಾಯಿತೋ ಅಲ್ಲಿಗೆ ಓಡುತ್ತಾರೆ. ಅಲ್ಲಿ ಮುಟ್ಟುವ ಹೊತ್ತಿಗೆ ಕೆಂಪು ಆರಿರುತ್ತದೆ.

ಈಗ ದುಡ್ಡಿನ ಲೆಕ್ಕ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಗದಿ ಮಾಡಿದ ದರದಂತೆ 10 ಲಕ್ಷ ರೂಪಾಯಿಯೊಳಗಿನ ಕಾರಿಗೆ ಮೊದಲ 4 ಕಿ.ಮೀ.ಗೆ 100 ರೂ., ಆಮೇಲೆ ಕಿ.ಮೀ.ಗೆ 24 ರೂ.; ರಾತ್ರಿ 12ರಿಂದ ಬೆಳಗ್ಗೆ 6ರವರೆಗೆ ಶೇ 10 ಹೆಚ್ಚಿಗೆ. ಜಯನಗರದಿಂದ ಏರ್‌ಪೋರ್ಟಿಗೆ 40 ಕಿ.ಮೀ. ಅಂತ ಹಿಡಿದರೆ 964 ರೂ., ರಾತ್ರಿಯದು ಸೇರಿ 1,060. (ಆಪ್ ತೋರಿಸುವ ದುಡ್ಡು ಇದಕ್ಕಿಂತ ಏರುಪೇರಾಗುತ್ತದೆ, ಅದು ಬೇರೆ ಜಗಳ.) ಸಿಎನ್‌ಜಿ ಕಾರು ಎಸಿ ಹಾಕಿಕೊಂಡು ಕೆ.ಜಿ.ಗೆ 22 ಕಿ.ಮೀ. ಕೊಟ್ಟರೆ ಹೋಗುವುದಕ್ಕೆ ಎರಡು ಕೆ.ಜಿ.ಗೆ ಸ್ವಲ್ಪ ಕಡಿಮೆ. ಖಾಲಿ ವಾಪಸ್ ಬಂದರೆ ಅದರ ಎರಡರಷ್ಟು. ಕೆ.ಜಿ.ಗೆ 90 ರೂ. ಅಂದುಕೊಂಡರೆ 325 ರೂಪಾಯಿ ಗ್ಯಾಸಿಗೇ ಹೋಯಿತು. ಇದರ ಮೇಲೆ ಸಾದಹಳ್ಳಿ ಟೋಲ್. ಹೋಗುವಾಗ ಇಲ್ಲ, ಊರ ಕಡೆ ಬರುವಾಗ ಕಟ್ಟಬೇಕು. ಹಾಗಾಗಿ ಕಾರಿನಲ್ಲಿ ಪ್ಯಾಸೆಂಜರ್ ಇಲ್ಲದಿದ್ದರೆ ಟೋಲ್ ಡ್ರೈವರ್ ಜೇಬಿನದು. ಆಪ್‌ನ ಕಮಿಷನ್ನೋ ದಿನದ ಫೀಸೋ ಕಳೆಯಿರಿ. ಸಾವಿರದ ಬಾಡಿಗೆ ಕೈಗೆ ಬರುವಾಗ ಐನೂರರ ಆಸುಪಾಸಿಗೆ ಇಳಿದಿರುತ್ತದೆ. ಅದೂ ಟೈರು, ಸರ್ವಿಸ್, ಇಎಂಐ ಲೆಕ್ಕಕ್ಕೆ ಹಿಡಿಯದೆ.

ಟೋಲ್ ಉಳಿಸಲು ಹಿಂದಿನ ದಾರಿ ಹಿಡಿದು ಬಾಗಲೂರು, ಹೆಣ್ಣೂರು ಮೇಲೆ ಬರುವವರಿದ್ದಾರೆ. ಹಗಲಲ್ಲಿ ಸರಿ. ಬೆಳಗಿನ ಜಾವ ನಾಲ್ಕೂವರೆಗೆ ಆ ರಸ್ತೆಯಲ್ಲಿ ದೀಪ ಕಡಿಮೆ, ಬಣ್ಣ ಅಳಿಸಿಹೋದ ಹಂಪುಗಳು, ಎಂ-ಸ್ಯಾಂಡ್ ಜಲ್ಲಿ ತುಂಬಿಕೊಂಡು ಊರೊಳಗೆ ನುಗ್ಗುವ ಟಿಪ್ಪರ್‌ಗಳು. ಹಗಲು ಹೊತ್ತಿನ ನಿರ್ಬಂಧದ ಗಂಟೆ ಶುರುವಾಗುವ ಮೊದಲೇ ಲೋಡ್ ಇಳಿಸಿ ಹೊರಬೀಳಬೇಕೆಂಬ ಅವಸರ ಆ ಟಿಪ್ಪರ್ ಡ್ರೈವರ್‌ಗೆ. ಅವನಿಗೂ ನಿದ್ದೆ ಆಗಿರುವುದಿಲ್ಲ. ಟೋಲ್ ದುಡ್ಡಿಗೆ ಒಂದು ಶಾಕ್ ಅಬ್ಸಾರ್ಬರ್ ಕೊಡುವುದು ಯಾವ ಲೆಕ್ಕ?

ಗ್ಯಾಸ್, ಡಿಕ್ಕಿ, ಸೂಟ್‌ಕೇಸು

ಸತ್ತ ಹೊತ್ತನ್ನು ಸಿಎನ್‌ಜಿಗೆ ಇಟ್ಟುಕೊಳ್ಳಬೇಕು ಅನ್ನುವುದಕ್ಕೆ ಬರೀ ಕ್ಯೂ ಒಂದೇ ಕಾರಣವಲ್ಲ. ಗ್ಯಾಸನ್ನು ಸಿಲಿಂಡರಿಗೆ ತುಂಬುವುದು ಸುಮಾರು 200 ಬಾರ್ ಒತ್ತಡದಲ್ಲಿ. ಪೈಪ್‌ಲೈನ್ ಇಲ್ಲದ ಬಂಕಿಗೆ ಲಾರಿಯಲ್ಲಿ ಸಿಲಿಂಡರ್ ಗೊಂಚಲು ಬರುತ್ತದೆ. ಅದು ಖಾಲಿಯಾಗುತ್ತ ಹೋದಂತೆ ಒತ್ತಡ ಇಳಿಯುತ್ತದೆ, ಕೊನೆಯಲ್ಲಿ ಬಂದವನಿಗೆ ಅರ್ಧ ಟ್ಯಾಂಕಿಗೇ ನಿಂತುಬಿಡುತ್ತದೆ. ಪೈಪ್‌ಲೈನ್ ಇರುವ ಬಂಕಿನಲ್ಲೂ ಒಂದರ ಹಿಂದೊಂದು ಗಾಡಿ ಬರುತ್ತಲೇ ಇದ್ದರೆ ಕಂಪ್ರೆಸರ್‌ಗೆ ಸುಧಾರಿಸಿಕೊಳ್ಳಲು ಬಿಡುವಿಲ್ಲ. ಇನ್ನೊಂದು, ಜೋರಾಗಿ ತುಂಬಿದಾಗ ಸಿಲಿಂಡರಿನೊಳಗೆ ಗ್ಯಾಸ್ ಬಿಸಿಯಾಗುತ್ತದೆ; ಮೀಟರು 200 ತೋರಿಸಿ ನಿಲ್ಲುತ್ತದೆ, ತಣ್ಣಗಾದ ಮೇಲೆ ಮುಳ್ಳು ಕೆಳಗೆ ಬರುತ್ತದೆ. 60 ಲೀಟರ್ ಸಿಲಿಂಡರಿನ ವ್ಯಾಗನ್-ಆರ್‌ಗೆ ತಂಪು ಹೊತ್ತಿನಲ್ಲಿ, ಒತ್ತಡ ಚೆನ್ನಾಗಿರುವ ಬಂಕಿನಲ್ಲಿ ಎಂಟು ಕೆ.ಜಿ. ಮೇಲೆ ಹಿಡಿಯುತ್ತದೆ. ಸಂಜೆಯ ನೂಕುನುಗ್ಗಲಲ್ಲಿ ಆರಕ್ಕೇ ನಿಂತರೆ ಆ ಎರಡು ಕೆ.ಜಿ. ಅಂದರೆ ಒಂದು ಏರ್‌ಪೋರ್ಟ್ ಡ್ರಾಪ್. ಪಾಳಿ ಬದಲಾಗುವ ಬೆಳಗ್ಗೆ ಆರೇಳರ ಹೊತ್ತಿಗೆ ಬಂಕಿಗೆ ಹೋದರೆ ಮುಗಿಯಿತು, ಎಲ್ಲರೂ ಅಲ್ಲೇ ಇರುತ್ತಾರೆ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೊ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಆಗಿರಬೇಕು. ಪ್ಲೇಟಿನ ಮೇಲಿನ ದಿನಾಂಕ ಮುಗಿದಿದ್ದರೆ ಬಂಕಿನ ಹುಡುಗ ನಾಜಲ್ ಹಾಕುವುದಿಲ್ಲ, ಮಧ್ಯರಾತ್ರಿ ಅವನ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ. ಪೆಟ್ರೋಲ್ ಟ್ಯಾಂಕಿನಲ್ಲಿ ಐದು ಲೀಟರಾದರೂ ಯಾವಾಗಲೂ ಇರಲಿ. ಬಹಳಷ್ಟು ಕಾರುಗಳು ಸ್ಟಾರ್ಟ್ ಆಗುವುದು ಪೆಟ್ರೋಲಿನಲ್ಲೇ, ಟ್ಯಾಂಕಿನೊಳಗಿನ ಪಂಪ್ ತಣ್ಣಗಿರುವುದೂ ಪೆಟ್ರೋಲಿನಲ್ಲಿ ಮುಳುಗಿರುವುದರಿಂದ.

ಸಿಎನ್‌ಜಿಯ ಬೆಲೆ ಡಿಕ್ಕಿಯಲ್ಲಿ ತೆರಬೇಕು. ಸಿಲಿಂಡರ್ ಕೂತ ಮೇಲೆ ಡಿಕ್ಕಿಯಲ್ಲಿ ಉಳಿಯುವುದು ಒಂದು ಬ್ಯಾಗಿನ ಜಾಗ. ಅಮೆರಿಕಕ್ಕೆ ಹೊರಟ ಕುಟುಂಬದ ಮನೆ ಮುಂದೆ ಮೂರೂಕಾಲಿಗೆ ಹೋಗಿ ನಿಂತರೆ ಗೇಟಿನ ಹೊರಗೆ 23 ಕೆ.ಜಿ.ಯ ನಾಲ್ಕು ಸೂಟ್‌ಕೇಸು, ಅಜ್ಜಿ, ಉಪ್ಪಿನಕಾಯಿ ಡಬ್ಬದ ಕೈಚೀಲ. ಅವರದೂ ತಪ್ಪಲ್ಲ, ಆಪ್‌ನಲ್ಲಿ "ಸೆಡಾನ್" ಅಂತ ಇತ್ತು. ಅದಕ್ಕೇ ಟ್ರಿಪ್ ಬಂದ ಕೂಡಲೇ ಫೋನ್ ಮಾಡಿ "ಮೇಡಂ, ಲಗೇಜ್ ಎಷ್ಟಿದೆ? ಟಿ-1ಆ ಟಿ-2ಆ?" ಅಂತ ಎರಡೂ ಒಟ್ಟಿಗೆ ಕೇಳಿಬಿಡುವುದು. ಕ್ಯಾರಿಯರ್ ಇದ್ದರೆ ಕೆಳಗೆ ರಬ್ಬರ್ ಮ್ಯಾಟ್, ಸೂಟ್‌ಕೇಸ್ ಅಂಗಾತ, ಹಗ್ಗ ಹಿಡಿಕೆಯೊಳಗೆ ತೂರಿಸಿ ಅಡ್ಡ ಒಂದು, ಓರೆಯಾಗಿ ಎರಡು ಸುತ್ತು, ಮಳೆಗಾಲವಾದರೆ ಮೇಲೊಂದು ಟಾರ್ಪಾಲು. ಕಟ್ಟಿದ ಮೇಲೆ ಕೈಯಲ್ಲಿ ಎಳೆದು ನೋಡಬೇಕು. ಸೂಟ್‌ಕೇಸ್ ಅಲುಗಿದರೆ ಮತ್ತೆ ಬಿಚ್ಚಿ ಕಟ್ಟುವುದೇ ಸರಿ. ಟರ್ಮಿನಲ್ ವಿಷಯವೂ ಸಣ್ಣದಲ್ಲ. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಟಿ-2ರಿಂದ. ದೇಶೀಯದಲ್ಲಿ ಏರ್ ಇಂಡಿಯಾದ್ದು ಟಿ-2, ಇಂಡಿಗೋದ್ದು ಟಿ-1. ನಿದ್ದೆಗಣ್ಣಿನ ಪ್ಯಾಸೆಂಜರ್ ತಪ್ಪು ಟರ್ಮಿನಲ್ ಹೇಳಿದರೆ ಅದು ಗೊತ್ತಾಗುವುದು ಇಳಿದು ಬಾಗಿಲು ಹಾಕಿದ ಮೇಲೆ. ಹೆಬ್ಬಾಳ ದಾಟುವ ಮೊದಲೇ ಟಿಕೆಟ್ ತೆಗೆದು ನೋಡಿಸುವುದು ಎಲ್ಲರಿಗೂ ಒಳ್ಳೆಯದು.

ಒಂದು ಗಂಟೆಯ ಪ್ಯಾಸೆಂಜರ್

ಪಬ್ ಹೊತ್ತಿನ ಬಾಡಿಗೆಗೆ ಸರ್ಜ್ (ಬೇಡಿಕೆ ನೋಡಿ ಆಪ್ ಏರಿಸುವ ದರ) ಇರುತ್ತದೆ, ಕಾರಣ ಇದ್ದೇ ಇರುತ್ತದೆ. ನೂರಡಿ ರಸ್ತೆಯಲ್ಲಿ ಕಾರು ನಿಂತ ಕೂಡಲೇ ಮೂವರು ಸೇರಿ ನಾಲ್ಕನೆಯವನನ್ನು ಹಿಂದಿನ ಸೀಟಿಗೆ ಒರಗಿಸಿ, "ಬಾಸ್, ಇವನನ್ನ ಸ್ವಲ್ಪ ಮನೆ ಮುಟ್ಟಿಸಿಬಿಡಿ, ಲೊಕೇಶನ್ ಹಾಕಿದೀವಿ" ಅಂದು ಬಾಗಿಲು ಹಾಕಲು ನೋಡುತ್ತಾರೆ. ಇಲ್ಲಿ ಡ್ರೈವರ್ ಕೆಳಗಿಳಿದು ನಿಲ್ಲಬೇಕು. ಜೊತೆಗೊಬ್ಬರು ಹತ್ತಲೇಬೇಕು, ಇಲ್ಲದಿದ್ದರೆ ಟ್ರಿಪ್ ಬೇಡ. ಗುಡುಗಬೇಕಿಲ್ಲ, ಕಾರಣ ಹೇಳಿದರೆ ಸಾಕು: ಹತ್ತು ಕಿಲೋಮೀಟರ್ ಆದಮೇಲೆ ಇವರು ಏಳದಿದ್ದರೆ, ಮನೆ ನಂಬರ್ ಗೊತ್ತಿಲ್ಲದಿದ್ದರೆ, ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಒಳಗೆ ಬಿಡದಿದ್ದರೆ ನಾನೇನು ಮಾಡಲಿ ಸರ್? ಸ್ಟೇಷನ್ನಿಗೆ ಕರೆದುಕೊಂಡು ಹೋಗುವುದೊಂದೇ ದಾರಿ ಉಳಿಯುತ್ತದೆ, ಆ ರಾತ್ರಿ ಅಲ್ಲಿಗೆ ಮುಗಿದಂತೆ. ಜೊತೆಗೊಬ್ಬರು ಹತ್ತಿದ ಮೇಲೆ ಕುಡಿದವರನ್ನು ಹಿಂದೆ ಎಡಗಡೆ ಕೂರಿಸಿ, ಕಿಟಕಿ ಅರ್ಧ ಇಳಿಸಿ, ಎಸಿ ಕಡಿಮೆ ಮಾಡಿ, ತಿರುವುಗಳಲ್ಲಿ ನಿಧಾನ. ಹಲಸೂರಿನ ಒಳರಸ್ತೆಗಳ ಹಂಪುಗಳಿಗಿಂತ ಸುತ್ತಾದರೂ ನೇರ ರಸ್ತೆ ಮೇಲು.

ಸೀಟಿನ ಹಿಂಜೇಬಿನಲ್ಲಿ ಹಿಡಿ ಇರುವ ಗಟ್ಟಿ ಕವರ್ ನಾಲ್ಕೈದು ಯಾವಾಗಲೂ ಇರಬೇಕು. ಅಷ್ಟಾದರೂ ವಾಂತಿ ಆಗೇ ಆಗುತ್ತದೆ. ಆದ ಕೂಡಲೇ ಬೆಳಕಿರುವ ಕಡೆ ನಿಲ್ಲಿಸಿ ಫೋಟೊ ತೆಗೆಯಬೇಕು; ಫೋಟೊ ಕಳಿಸಿದರೆ ಕ್ಲೀನಿಂಗ್ ಚಾರ್ಜ್ ಕೊಡುವ ಆಪ್‌ಗಳಿವೆ, ಟ್ರಿಪ್ ಮುಗಿಸಿದ ಮೇಲೆ ಹೇಳಿದರೆ ಕೇಳುವವರಿಲ್ಲ. ಆಮೇಲೆ ಕೆಲಸ. ಕೈಗೆ ಗ್ಲೌಸ್, ರಟ್ಟಿನ ತುಂಡಿನಿಂದ ಗಟ್ಟಿಯದನ್ನು ಮೊದಲು ಕೆರೆದು ತೆಗೆಯುವುದು. ಒರೆಸಲು ಹೋದರೆ ಬಟ್ಟೆಯೊಳಕ್ಕೆ ಇಳಿಯುತ್ತದೆ. ತಣ್ಣೀರು ಮಾತ್ರ, ಬಿಸಿನೀರು ಹಾಕಿದರೆ ಕಲೆ ಹಿಡಿದು ಕೂರುತ್ತದೆ. ಒದ್ದೆ ಹೀರಿದ ಮೇಲೆ ಅಡುಗೆ ಸೋಡಾ ಉದುರಿಸಿ ಇಪ್ಪತ್ತು ನಿಮಿಷ ಬಿಟ್ಟು ಗುಡಿಸಿ ತೆಗೆದರೆ ವಾಸನೆ ಅರ್ಧ ಹೋಗುತ್ತದೆ. ಬೆಲ್ಟಿನ ಬಕಲ್ ಒಳಗೆ, ಸೀಟಿನ ಸಂದಿನಲ್ಲಿ, ಬಾಗಿಲ ಕೆಳಗಿನ ರಬ್ಬರಿನಲ್ಲಿ ನೋಡದೆ ಬಿಟ್ಟರೆ ಮಧ್ಯಾಹ್ನದ ಬಿಸಿಲಿಗೆ ಎಲ್ಲ ಹೊರಗೆ ಬರುತ್ತದೆ. ನಾಲ್ಕೂ ಬಾಗಿಲು ತೆರೆದು ಒಣಗಿಸಲು ಕನಿಷ್ಠ ಒಂದು ಗಂಟೆ. ರೆಕ್ಸಿನ್ ಸೀಟ್ ಕವರ್ ಬೇಸಿಗೆಯಲ್ಲಿ ಬೆನ್ನು ಬೆವರಿಸುತ್ತದೆ ಅಂತ ಗೊಣಗುವವರೂ ಕೊನೆಗೆ ರೆಕ್ಸಿನ್ನನ್ನೇ ಹಾಕಿಸಿಕೊಳ್ಳುತ್ತಾರೆ. ರೂಮ್ ಸ್ಪ್ರೇ ಹೊಡೆದು ಮುಂದಿನ ಟ್ರಿಪ್ ಎತ್ತುವುದು ಮಾತ್ರ ಬೇಡ. ಆ ಎರಡು ವಾಸನೆ ಸೇರಿದರೆ ಇನ್ನೊಬ್ಬರಿಗೂ ವಾಂತಿ.

ಈ ಹೊತ್ತಿನ ಇನ್ನೊಂದು ತಾಪತ್ರಯ ಪೇಮೆಂಟು. "ಹೋಯ್ತು ಬಾಸ್, ನೋಡಿ" ಅಂತ ತೋರಿಸುವ ಸ್ಕ್ರೀನ್‌ಶಾಟ್ ನಂಬಬಾರದು, ನಮ್ಮ ಫೋನಿಗೆ ಬಂದದ್ದನ್ನು ನೋಡಬೇಕು. ಒಬ್ಬರೇ ಹೆಣ್ಣುಮಗಳು ಹತ್ತಿದಾಗ ಮಾಡಬೇಕಾದದ್ದು ಹೆಚ್ಚೇನಿಲ್ಲ: ಮ್ಯಾಪಿನಲ್ಲಿರುವ ದಾರಿ ಬಿಡದಿರುವುದು, ಬಿಡಬೇಕಾದರೆ ಮೊದಲೇ ಹೇಳುವುದು, ನಡುವೆ ಟೀಗೆ ಗ್ಯಾಸಿಗೆ ನಿಲ್ಲಿಸದಿರುವುದು, ಇಳಿದ ಮೇಲೆ ಗೇಟು ತೆರೆಯುವವರೆಗೆ ಹೆಡ್‌ಲೈಟ್ ಹಾಕಿಕೊಂಡು ನಿಲ್ಲುವುದು. 2005ರ ಡಿಸೆಂಬರಿನಲ್ಲಿ ಇದೇ ಊರಿನಲ್ಲಿ ರಾತ್ರಿ ಪಾಳಿಗೆ ಹೊರಟ ಕಾಲ್‌ಸೆಂಟರ್ ಉದ್ಯೋಗಿಯೊಬ್ಬರ ಕೊಲೆಯಾದ ಮೇಲೆ ಕಂಪನಿ ಕ್ಯಾಬ್‌ಗಳಲ್ಲಿ ಮೊದಲ ಪಿಕಪ್, ಕೊನೆಯ ಡ್ರಾಪ್ ಹೆಣ್ಣುಮಕ್ಕಳದಾಗಿದ್ದರೆ ಗಾರ್ಡ್ ಇರಬೇಕೆಂಬುದು ಬಿಗಿಯಾಯಿತು. ಆಪ್ ಟ್ಯಾಕ್ಸಿಯಲ್ಲಿ ಗಾರ್ಡ್ ಇಲ್ಲ, ಪ್ಯಾನಿಕ್ ಬಟನ್ ಇದೆ. ಅದರ ಮೇಲೆ ಸೀಟ್ ಕವರ್ ಎಳೆದು ಮುಚ್ಚಿರುವ ಕಾರುಗಳನ್ನು ನೋಡಿದರೆ ಸಿಟ್ಟು ಬರುತ್ತದೆ.

ಮೂರರಿಂದ ಐದು

ನಿದ್ದೆ ವಿಷಯಕ್ಕೆ ಬಂದರೆ ಡ್ರೈವರ್‌ಗಳಲ್ಲಿ ಒಂದು ಹಮ್ಮು ಇದೆ. "ನಂಗೆ ಅಭ್ಯಾಸ ಆಗ್ಬಿಟ್ಟಿದೆ" ಅನ್ನುವುದು. ಅಭ್ಯಾಸ ಆಗುವುದಿಲ್ಲ. ಮೈಯೊಳಗಿನ ಗಡಿಯಾರ ಬಿಸಿಲು ನೋಡಿ ನಡೆಯುವಂಥದ್ದು. ವರ್ಷಗಟ್ಟಲೆ ರಾತ್ರಿ ಓಡಿಸಿದರೂ ಬೆಳಗ್ಗೆ ಮನೆಗೆ ಹೋಗುವಾಗ ಕಣ್ಣಿಗೆ ಬಿಸಿಲು ಬೀಳುತ್ತದೆ, ವಾರದ ರಜೆಯಲ್ಲಿ ಹೆಂಡತಿ ಮಕ್ಕಳ ಜೊತೆ ಹಗಲು ಓಡಾಡುತ್ತೀರಿ, ಗಡಿಯಾರ ಮತ್ತೆ ಹಳೆಯ ಜಾಗಕ್ಕೆ. ಬೆಳಗಿನ ಜಾವ ಮೈ ಬಿಸಿ ಎಲ್ಲಕ್ಕಿಂತ ಕಡಿಮೆ ಇರುವ ಹೊತ್ತಿನಲ್ಲಿ ಎಚ್ಚರವೂ ತಳಕ್ಕಿಳಿಯುತ್ತದೆ. ಇದರ ಮೇಲೆ ಎಷ್ಟು ಹೊತ್ತಿನಿಂದ ಎದ್ದಿದ್ದೀರಿ ಎಂಬ ಭಾರ ಬೇರೆ. 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನವೊಂದು 17 ಗಂಟೆ ಎದ್ದಿದ್ದವರ ಕೈ-ಕಣ್ಣಿನ ಹಿಡಿತ ರಕ್ತದಲ್ಲಿ ಶೇ 0.05 ಮದ್ಯ ಇದ್ದವರ ಮಟ್ಟಕ್ಕೆ ಇಳಿದಿರುತ್ತದೆಂದು ತೋರಿಸಿತು. ನಮ್ಮ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ., ಅಂದರೆ 0.03. ಬೆಳಗ್ಗೆ ಒಂಬತ್ತಕ್ಕೆ ಎದ್ದು, ಮಧ್ಯೆ ಮಲಗದೆ, ರಾತ್ರಿ ಒಂಬತ್ತಕ್ಕೆ ಡ್ಯೂಟಿ ಹತ್ತಿದವರಿಗೆ ರಾತ್ರಿ ಎರಡಕ್ಕೆ 17 ಗಂಟೆ ತುಂಬುತ್ತದೆ. ಏರ್‌ಪೋರ್ಟ್ ಬಾಡಿಗೆ ಇನ್ನೂ ಶುರುವಾಗಿಲ್ಲ. ನಾಕಾಬಂದಿಯಲ್ಲಿ ಪೊಲೀಸರು ಪೈಪ್ ಊದಿಸಿದರೆ ಸೊನ್ನೆ ಬರುತ್ತದೆ, ಮುಂದೆ ಹೋಗಿ ಅನ್ನುತ್ತಾರೆ.

ಅಪಾಯ ಬರುವುದು ಪೂರ್ತಿ ನಿದ್ದೆಯಿಂದಲ್ಲ, ಎರಡು ಮೂರು ಸೆಕೆಂಡಿನ ತೂಕಡಿಕೆಯಿಂದ. ಕಣ್ಣು ತೆರೆದೇ ಇರಬಹುದು. ಗಂಟೆಗೆ 80ರಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಮೂರು ಸೆಕೆಂಡಿಗೆ 66 ಮೀಟರ್ ಯಾರೂ ಓಡಿಸದ ಕಾರು. ಅದು ಬರುವ ಮೊದಲು ಮೈ ಹೇಳುತ್ತದೆ. ಕೊಡಿಗೇಹಳ್ಳಿ ದಾಟಿದ್ದು ನೆನಪಿಗೆ ಬರುವುದಿಲ್ಲ. ಲೇನಿನ ಗೆರೆಯಲ್ಲಿ ಹೊಳೆಯುವ ಕ್ಯಾಟ್-ಐ ಗುಂಡಿಗಳ ಮೇಲೆ ಟೈರು ಕಟಕಟ ಅಂದದ್ದು ಎರಡನೇ ಸಲ ಕೇಳಿಸುತ್ತದೆ. ಸರ್ವಿಸ್ ರಸ್ತೆಗೆ ಇಳಿಯಬೇಕಾದ ಜಾಗ ತಪ್ಪುತ್ತದೆ. ವೇಗ ಕಾರಣವಿಲ್ಲದೆ 70ರಿಂದ 50ಕ್ಕಿಳಿದು ಮತ್ತೆ ಏರುತ್ತದೆ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು, ಗುಟ್ಕಾ, ಮುಖಕ್ಕೆ ನೀರು: ಇವೆಲ್ಲ ಕೆಲವು ನಿಮಿಷದ ಆಟ. ಏರ್‌ಪೋರ್ಟ್ ರಸ್ತೆ ಇದಕ್ಕೆ ಹೇಳಿ ಮಾಡಿಸಿದಂತಿದೆ, ಹೆಬ್ಬಾಳದಿಂದಾಚೆ ನೇರ, ಸಪಾಟು, ಒಂದೇ ಸಮ ದೀಪ. ಹಳ್ಳಕೊಳ್ಳದ ರಸ್ತೆಯಲ್ಲಿ ಯಾರೂ ತೂಕಡಿಸುವುದಿಲ್ಲ.

ನಿದ್ದೆಗೆ ಮದ್ದು ನಿದ್ದೆಯೇ, ಆದರೆ ಅದಕ್ಕೊಂದು ಕ್ರಮವಿದೆ. ಸತ್ತ ಹೊತ್ತಿನಲ್ಲಿ ಗ್ಯಾಸ್ ಹಾಕಿಸಿದ ಮೇಲೆ ಸೈಕಲ್ ಟೀಯವನ ಹತ್ತಿರ ಒಂದು ಗ್ಲಾಸ್ ಕಾಫಿಯನ್ನೋ ಟೀಯನ್ನೋ ಬೇಗ ಕುಡಿದು ಕೂಡಲೇ ಮಲಗುವುದು. ಕೆಫೀನ್ ಏರುವುದಕ್ಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಅಷ್ಟರೊಳಗೆ ನಿದ್ದೆಯೂ ಮುಗಿದಿರುತ್ತದೆ. ಮಲಗುವ ಮುಂಚೆ ಆಪ್ ಆಫ್‌ಲೈನ್ ಮಾಡಬೇಕು, ಇಲ್ಲದಿದ್ದರೆ ಎತ್ತದೆ ಬಿಟ್ಟ ಟ್ರಿಪ್‌ಗಳು ರೇಟಿಂಗ್ ತಿನ್ನುತ್ತವೆ. ಅಲಾರಂ 20 ನಿಮಿಷಕ್ಕೆ. ನಲವತ್ತು ಐವತ್ತು ನಿಮಿಷಕ್ಕೆ ಹೋದರೆ ಆಳದ ನಿದ್ದೆಯ ನಡುವೆ ಎದ್ದು ಮಂಕು ಬಡಿದಂತಾಗುತ್ತದೆ. ಅಷ್ಟು ಹೊತ್ತು ಸಿಗುವುದಾದರೆ ಪೂರ್ತಿ ಒಂದೂವರೆ ಗಂಟೆ ಮಲಗುವುದೇ ಮೇಲು. ಎದ್ದ ಕೂಡಲೇ ಗಾಡಿ ಎಳೆಯಬಾರದು, ಹತ್ತು ನಿಮಿಷ ಕೆಳಗಿಳಿದು ಓಡಾಡಬೇಕು. ಜಾಗ ಬಂಕಿನ ಅಂಚು, ಆಸ್ಪತ್ರೆ ಮುಂದಿನ ದೀಪದ ಕೆಳಗೆ, ಇನ್ನೆರಡು ಟ್ಯಾಕ್ಸಿ ನಿಂತಿರುವ ಕಡೆ. ರಿಂಗ್ ರೋಡಿನ ಪಕ್ಕ, ಫ್ಲೈಓವರ್ ಇಳಿಜಾರಿನಲ್ಲಿ ಬೇಡ. ಇಂಜಿನ್ ಆಫ್, ಕಿಟಕಿ ಒಂದಿಂಚು ಕೆಳಗೆ. ಗಾಜು ಏರಿಸಿ ಎಸಿ ಹಾಕಿಕೊಂಡು ಮಲಗಿ ಕಾರ್ಬನ್ ಮಾನಾಕ್ಸೈಡಿಗೆ ಸತ್ತವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಸೊಳ್ಳೆ ಬೇಕಾದರೆ ಕಚ್ಚಲಿ.

ಇಲ್ಲೇ ಮೊದಲಿನ ದುಡ್ಡಿನ ಲೆಕ್ಕಕ್ಕೆ ಒಂದು ತಿದ್ದುಪಡಿ ಬೇಕು. ನಾಲ್ಕೂವರೆಗೆ ಏರ್‌ಪೋರ್ಟಿನಲ್ಲಿ ಇಳಿಸಿದ ಮೇಲೆ ಪಾರ್ಕಿಂಗಿನಲ್ಲಿ ಕ್ಯೂ ಹಿಡಿದರೆ ಸರತಿ ಬರಲು ಎರಡು ಗಂಟೆ, ಕೆಲವೊಮ್ಮೆ ಮೂರು ನಾಲ್ಕು. ಗೆರೆ ದಾಟಿ ಹೊರಗೆ ಹೋದರೆ ನಂಬರ್ ಹೋಯಿತು. ಕಾಯುವುದು ದಂಡ ಅಂತ ಖಾಲಿ ಹೊರಡುವವರೇ ಹೆಚ್ಚು. ನನ್ನ ಮಾತು ಬೇರೆ. ಆ ಎರಡು ಗಂಟೆ ಸೀಟು ಹಿಂದಕ್ಕೆ ಒರಗಿಸಿ ಮಲಗಲು ಸಿಗುವ, ಪಕ್ಕದಲ್ಲೇ ಶೌಚಾಲಯವಿರುವ ಜಾಗ ಇಡೀ ರಾತ್ರಿಯಲ್ಲಿ ಅದೊಂದೇ. ಅದೇ ಹೊತ್ತಿಗೆ ಹೊರಟವರು ಗ್ಯಾಸ್, ಟೋಲ್ ಎರಡೂ ಕೈಯಿಂದ ಕಟ್ಟಿಕೊಂಡು 40 ಕಿ.ಮೀ. ತೂಕಡಿಸುತ್ತ ಬರುತ್ತಾರೆ. ಏಳರ ಮೇಲೆ ದೆಹಲಿ, ಮುಂಬೈ ಕಡೆಯ ಮೊದಲ ವಿಮಾನಗಳು ಇಳಿದ ಮೇಲೆ ಬಾಡಿಗೆ ಸಿಕ್ಕರೆ ಅದು ಮನೆ ಕಡೆಯದೇ ಆಗಿರುತ್ತದೆ, ಟೋಲ್ ಪ್ಯಾಸೆಂಜರ್ ಲೆಕ್ಕಕ್ಕೆ. ಡಿಸೆಂಬರ್, ಜನವರಿಯ ಮಂಜಿನಲ್ಲಿ ಮಾತ್ರ ಈ ಲೆಕ್ಕ ಕೆಡುತ್ತದೆ. ವಿಮಾನಗಳು ಚೆನ್ನೈಗೋ ಹೈದರಾಬಾದಿಗೋ ತಿರುಗಿದರೆ ಹತ್ತರವರೆಗೂ ಕ್ಯೂ ಅಲುಗುವುದಿಲ್ಲ.

ಗಾಜು, ಬಲ್ಬು, ಹಳದಿ ದೀಪ

ಕಣ್ಣಿಗೆ ಆಯಾಸ ತರುವ ಅರ್ಧ ಕೆಲಸ ಗಾಜಿನದು. ಮುಂದಿನ ಗಾಜಿನ ಹೊರಮೈಯನ್ನು ಎಲ್ಲರೂ ಒರೆಸುತ್ತಾರೆ, ಒಳಮೈ ಮುಟ್ಟುವುದಿಲ್ಲ. ಬಿಸಿಲಿಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನಿಂದ ಹೊರಟ ಜಿಡ್ಡು ಅಲ್ಲಿ ತೆಳುವಾಗಿ ಕೂತು, ರಾತ್ರಿ ಎದುರಿನ ಲೈಟಿಗೆ ಗಾಜು ಪೂರ್ತಿ ಬೆಳ್ಳಗಾಗುತ್ತದೆ. ಡ್ಯೂಟಿ ಹತ್ತುವ ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ನ್ಯೂಸ್‌ಪೇಪರ್, ಎರಡು ನಿಮಿಷ. ಹೆಡ್‌ಲೈಟಿಗೆ ಕಂಪನಿಯ 60/55 ವ್ಯಾಟ್ ಹ್ಯಾಲೊಜೆನ್ ಸಾಕು. ಹ್ಯಾಲೊಜೆನ್‌ಗಾಗಿ ಮಾಡಿದ ರಿಫ್ಲೆಕ್ಟರಿಗೆ ಬೆಳ್ಳನೆಯ ಎಲ್‌ಇಡಿ ತುರುಕಿದರೆ ಬೆಳಕು ಎಲ್ಲೆಲ್ಲಿಗೋ ಚೆದುರಿ ಎದುರಿನವನ ಕಣ್ಣು ಕುಕ್ಕುತ್ತದೆ, ಮಂಜಿನಲ್ಲಿ ನಮ್ಮ ಮುಂದೆಯೇ ಬಿಳಿ ಗೋಡೆ ಕಟ್ಟುತ್ತದೆ. ಮಂಜಿಗೆ ಡಿಮ್ ಮಾತ್ರ. ಮೊಬೈಲ್ ಸ್ಟ್ಯಾಂಡ್ ಕಣ್ಣ ಮಟ್ಟಕ್ಕಿಂತ ಕೆಳಗೆ, ಮ್ಯಾಪ್ ನೈಟ್ ಮೋಡಿನಲ್ಲಿ.

ತಡರಾತ್ರಿ ಬಹಳ ಸಿಗ್ನಲ್‌ಗಳು ಮಿನುಗುವ ಹಳದಿಗೆ ಬರುತ್ತವೆ. ಅಲ್ಲಿ ಎರಡೂ ಕಡೆಯವರು ತಮ್ಮದೇ ರಸ್ತೆ ಅಂದುಕೊಂಡು ಬರುತ್ತಾರೆ. ಊರೊಳಗೆ ರಾತ್ರಿ ಗುದ್ದಿಕೊಳ್ಳುವುದು ಹೆಚ್ಚಾಗಿ ಈ ಜಂಕ್ಷನ್‌ಗಳಲ್ಲಿ. ಖಾಲಿ ಕಂಡರೂ ಎರಡನೇ ಗೇರಿಗೆ ಇಳಿಸಲೇಬೇಕು. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ, ಹೆಬ್ಬಾಳದ ಮೇಲೆ ಏರ್‌ಪೋರ್ಟಿಗೆ ಹೋಗುವ ಮೆಟ್ರೊ ಕೆಲಸದ ಬ್ಯಾರಿಕೇಡ್‌ಗಳು ನಿನ್ನೆ ಇದ್ದಲ್ಲಿ ಇವತ್ತು ಇರುವುದಿಲ್ಲ, ರಿಫ್ಲೆಕ್ಟರ್ ಮೇಲೆ ಧೂಳು ಕೂತಿರುತ್ತದೆ. ಚಳಿಗಾಲದಲ್ಲಿ ನಾಯಿಗಳು ಬಿಸಿ ಆರದ ಡಾಂಬರಿನ ಮೇಲೆಯೇ ಮಲಗುತ್ತವೆ.

ಹನ್ನೆರಡು ಗಂಟೆಯ ನಿಯಮ

ಕೇಂದ್ರದ 2020ರ ಅಗ್ರಿಗೇಟರ್ (ಆಪ್ ಟ್ಯಾಕ್ಸಿ ಕಂಪನಿ) ಮಾರ್ಗಸೂಚಿಯಲ್ಲಿ ದಿನಕ್ಕೆ 12 ಗಂಟೆಗಿಂತ ಹೆಚ್ಚು ಲಾಗಿನ್ ಇರಬಾರದು, ಆಮೇಲೆ 10 ಗಂಟೆ ವಿರಾಮ ಬೇಕು ಅಂತ ಬರೆದಿತ್ತು. ಒಳ್ಳೆಯ ಮಾತೇ. ಆದರೆ ಒಂದೊಂದು ಡ್ಯಾಶ್‌ಬೋರ್ಡಿನ ಮೇಲೆ ಎರಡು ಫೋನು, ಮೂರು ಆಪ್ ಕೂತಿರುವಾಗ ಒಟ್ಟು ಗಂಟೆ ಎಣಿಸುವವರು ಯಾರು? ಒಂದು ಆಪ್ ಲಾಗೌಟ್ ಮಾಡಿದರೆ ಇನ್ನೊಂದು ತೆರೆದಿರುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಎಂಟು ಗಂಟೆ ದುಡಿಮೆ ಸ್ವಂತ ಕಾರು ಓಡಿಸುವವರನ್ನು ಮುಟ್ಟುತ್ತಲೇ ಇರಲಿಲ್ಲ. ಇಎಂಐ ಕಟ್ಟುವ ತಾರೀಖು ಹತ್ತಿರ ಬಂದ ವಾರ ಪಾಳಿ ತಾನಾಗೇ ಉದ್ದವಾಗುತ್ತದೆ. ಇದಕ್ಕಿಂತ ಒಂದು ಕಾರಿಗೆ ಇಬ್ಬರು ಸೇರುವುದು ವಾಸಿ, ಹಗಲಿಗೊಬ್ಬರು ರಾತ್ರಿಗೊಬ್ಬರು. ಇಎಂಐ ಹಂಚಿಹೋಗುತ್ತದೆ, ಗಾಡಿ ಕೊಡುವ ಹೊತ್ತು ನಿಗದಿಯಾಗಿರುವುದರಿಂದ "ಇನ್ನೊಂದು ಟ್ರಿಪ್" ಅನ್ನುವ ಆಸೆಗೆ ಜಾಗವಿಲ್ಲ. ಗ್ಯಾಸ್ ಫುಲ್, ಓಡೊಮೀಟರ್ ಫೋಟೊ, ನಾಲ್ಕು ಟೈರಿನ ಗಾಳಿ, ಹೊಸ ಗೀರು ಇದ್ದರೆ ಅದರ ಫೋಟೊ. ಇಷ್ಟು ವಾಟ್ಸಾಪಿನಲ್ಲಿ ಇದ್ದರೆ ಇಬ್ಬರ ನಡುವೆ ಮಾತು ಬರುವುದಿಲ್ಲ.

ಮನೆಗೆ ಹೋಗಿ ಮಲಗುವುದು ಇನ್ನೊಂದು ಕಷ್ಟ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಎಂಟಕ್ಕೆ ಕುಕ್ಕರ್ ಕೂಗುತ್ತದೆ, ಒಂಬತ್ತಕ್ಕೆ ಸೊಪ್ಪಿನವರು, ಕಾವೇರಿ ನೀರು ಬರುವ ದಿನವಾದರೆ ಬಿಂದಿಗೆ ಸದ್ದು. ಹಗಲು ನಿದ್ದೆ ಒಂದೇ ಸಲಕ್ಕೆ ಏಳು ಗಂಟೆ ಸಿಗುವುದು ಕನಸಿನ ಮಾತು. ಎರಡು ತುಂಡು ಮಾಡಿಕೊಂಡವರೇ ಹೆಚ್ಚು ಕಾಲ ಬಾಳುವುದು. ಬೆಳಗ್ಗೆ ಐದು ಗಂಟೆ, ಸಂಜೆ ಡ್ಯೂಟಿಗೆ ಮುಂಚೆ ಒಂದೂವರೆ. ಸಂಜೆಯ ಆ ನಿದ್ದೆಯನ್ನು ಸೋಮಾರಿತನ ಅಂತ ಮನೆಯವರು ಬೈದರೂ ಬಿಡಬಾರದು, ಎರಡು ಗಂಟೆಗೆ ತುಂಬುವ 17ನೇ ಗಂಟೆಯನ್ನು ಮುಂದಕ್ಕೆ ತಳ್ಳುವುದು ಅದೇ. ಮುದ್ದೆ ಊಟ ಡ್ಯೂಟಿ ಹತ್ತುವ ಮುಂಚೆ. ರಾತ್ರಿ ಎರಡಕ್ಕೆ ಎಗ್ ರೈಸ್ ತಿಂದರೆ ಮೂರಕ್ಕೆ ಕಣ್ಣು ಎಳೆಯುತ್ತದೆ, ಬಾಳೆಹಣ್ಣು, ಕಡಲೆಕಾಯಿ ಸಾಕು. ನಾಲ್ಕರ ಮೇಲೆ ಟೀ ಬೇಡ, ಅದು ಎಂಟಕ್ಕೂ ರಕ್ತದಲ್ಲಿ ಇರುತ್ತದೆ. ನೀರು ಮಾತ್ರ ಬಿಡಬಾರದು. ಶೌಚಾಲಯ ಸಿಗುವುದಿಲ್ಲ ಅಂತ ನೀರು ಕುಡಿಯದೆ ಕಿಡ್ನಿಯಲ್ಲಿ ಕಲ್ಲು ಮಾಡಿಕೊಂಡವರು ಈ ಕೆಲಸದಲ್ಲಿ ಬೇಕಾದಷ್ಟಿದ್ದಾರೆ. ರಾತ್ರಿಯಿಡೀ ತೆರೆದಿರುವ ಬಂಕುಗಳನ್ನು ಮ್ಯಾಪಿನಲ್ಲಿ ಗುರುತು ಹಾಕಿಟ್ಟುಕೊಳ್ಳುವುದು ಎರಡು ನಿಮಿಷದ ಕೆಲಸ.

ಹಿಂದಿನ ಸೀಟಿನಲ್ಲಿ ಕೂತವರಿಗೂ ಒಂದೆರಡು ಮಾತು ಹೇಳಬಹುದು. ಹಳದಿ ಬೋರ್ಡಿನ ಕಾರಿಗೆ 80ರ ಸ್ಪೀಡ್ ಗವರ್ನರ್ ಇರುತ್ತದೆ, "ಸ್ವಲ್ಪ ಫಾಸ್ಟ್ ಹೋಗಿ" ಅಂದರೆ ಹೋಗುವುದಿಲ್ಲ. ಹೋದರೂ ಹೆಬ್ಬಾಳದಾಚೆಯ 20 ಕಿ.ಮೀ.ನಲ್ಲಿ 80ಕ್ಕೂ 100ಕ್ಕೂ ಇರುವ ವ್ಯತ್ಯಾಸ ಮೂರು ನಿಮಿಷ. ಅದನ್ನು ಮನೆಯಲ್ಲಿ ಲಿಫ್ಟಿಗೆ ಕಾಯುವಾಗಲೇ ಉಳಿಸಬಹುದಿತ್ತು. ಕನ್ನಡಿಯಲ್ಲಿ ಡ್ರೈವರ್ ಕಣ್ಣು ಮತ್ತೆ ಮತ್ತೆ ಮುಚ್ಚಿ ತೆರೆಯುತ್ತಿದ್ದರೆ ಇಯರ್‌ಫೋನ್ ತೆಗೆದು ಊರು ಯಾವುದು ಅಂತ ಕೇಳಿ. ಮಂಡ್ಯ, ಕೋಲಾರ, ಕಲಬುರಗಿ ಯಾವುದೋ ಒಂದು ಬರುತ್ತದೆ, ಮಳೆ ಬೆಳೆಯ ಮಾತು ಹತ್ತು ಕಿಲೋಮೀಟರಿಗೆ ಆಗುತ್ತದೆ. ಅಷ್ಟಕ್ಕೂ ಸರಿಹೋಗದಿದ್ದರೆ ಯಲಹಂಕದ ಹತ್ತಿರ ನಿಲ್ಲಿಸಿ, ಟೀ ಕುಡಿದು ಹತ್ತು ನಿಮಿಷ ಆದಮೇಲೆ ಹೊರಡೋಣ ಅನ್ನಿ. ವಿಮಾನಕ್ಕೆ ಅಷ್ಟು ಹೊತ್ತು ಇಟ್ಟುಕೊಂಡೇ ಮನೆ ಬಿಡುವುದು ಒಳ್ಳೆಯದು.